ಮಂಜೊಟ್ಟಿ ದಾಟಿದ ಕೋಣಗಳು

ಮಿಜಾರು
೧೪-೧೨-೧೯೫೮

ಪ್ರೀತಿಯ ಅಳಿಯ ಕಮಲಾಕ್ಷನಿಗೆ ಮುಂಡಪ್ಪ ಮಾವನ ಆಶೀರ್ವಾದ.

ಮೊಣಕಾಲಿನ ಗಾಯ ಒಣಗಿತೇ? ಬೆಂಗಳೂರಿನ ಚಳಿಗೆ ಬೇಗ ಒಣಗಲಿಕ್ಕಿಲ್ಲ, ತೆಂಗಿನೆಣ್ಣೆ ಬಿಸಿ ಮಾಡಿ ಹಚ್ಚು. ನಾವೆಲ್ಲ ಸೌಖ್ಯ. ನೀನು ಬರೆದ ಹಾಗೆಯೇ ನಿನ್ನ ಅಮ್ಮನಿಗೆ ಒಂದು ಶಬ್ದವನ್ನೂ ಹೇಳಿಲ್ಲ. ಗುಟ್ಟು ಕಾಯುವುದರಲ್ಲಿ ಇಲ್ಲಿಂದ ಮೂಡಬಿದ್ರೆ ಪೇಟೆಯವರೆಗೆ ಹುಡುಕಿದರೂ ನನ್ನಂಥ ಗಟ್ಟಿಗ ಸಿಕ್ಕಲಿಕ್ಕಿಲ್ಲ.

ಇಳಿಯುವ ಅಭ್ಯಾಸ ಮಾಡುವಾಗ ನಿನ್ನ ಸಣ್ಣ ವಿಮಾನ ರನ್‌ವೇಯ ಅರ್ಧ ದಾಟಿದ ಮೇಲೆ ನೆಲ ಮುಟ್ಟಿತು, ತುದಿಯಲ್ಲಿ ನಿಲ್ಲದೆ ಆಚೆಯ ರಾಗಿ ಹೊಲಕ್ಕೆ ನುಗ್ಗಿತು, ಮೂತಿಯ ಪಂಖ ಮುರಿಯಿತು. ಕಲಿಸುವ ಸಾಹೇಬರು ಮತ್ತೆ ವಿಮಾನ ಹತ್ತು ಎಂದರೂ ನೀನು ಒಪ್ಪಲಿಲ್ಲ, ಶನಿವಾರದ ಬಸ್ಸಿಗೆ ಊರಿಗೇ ಬಂದುಬಿಡುತ್ತೇನೆ ಎಂದು ಬರೆದಿದ್ದೀ. ಓದಿ ನಾನು ನಕ್ಕೆ. ಬೇಸರ ಮಾಡಬೇಡ ಮಾರಾಯ, ನಗು ಬಂದದ್ದು ನನ್ನ ಬೊಳ್ಳ ಮತ್ತು ಕುಟ್ಟಿಯ ನೆನಪಿನಿಂದ. ಅಂಥ ಜೋಡಿ ಕೋಣ ಈ ಸೀಮೆಯಲ್ಲಿ ಆಮೇಲೆ ಹುಟ್ಟಲಿಲ್ಲ, ಅಂಥ ಓಡಿಸುವವನೂ ಹುಟ್ಟಲಿಲ್ಲ. ನೀನು ಹುಟ್ಟುವ ಮೊದಲಿನ ಮಾತು. ಕಂಬಳಕ್ಕೆ ಮುಂಚೆ ನಮ್ಮ ಬೈಲುಗದ್ದೆಯಲ್ಲೇ ಅಭ್ಯಾಸ. ಓಟದ ಕೆಸರಿನ ತುದಿಯಲ್ಲಿ ಕೋಣಗಳು ಹತ್ತಿ ನಿಲ್ಲುವ ಏರು ಉಂಟಲ್ಲ, ಮಂಜೊಟ್ಟಿ, ವಿಮಾನ ಹತ್ತಿದ ಮೇಲೂ ನೀನು ಮರೆತಿರಲಿಕ್ಕಿಲ್ಲ. ನನ್ನ ಜೋಡಿಗೆ ಆ ಏರು ಎಲ್ಲಿಗೆ ಸಾಕು? ಹತ್ತಿ, ಹಾರಿ, ನನ್ನನ್ನು ಎಳೆದುಕೊಂಡು ಬಾಳೆಯ ಹಿಂಡಿಗೆ ನುಗ್ಗಿದವು. ಅಲ್ಲಿ ಮೀನು ಮಾರುವ ಹಾಜಬ್ಬ ಒಣಮೀನಿನ ಬುಟ್ಟಿ ಇಳಿಸಿ ಬೀಡಿ ಹಚ್ಚುತ್ತಿದ್ದ. ಕೋಣಗಳು ನಿಂತಾಗ ಬುಟ್ಟಿ ಬೊಳ್ಳನ ಕೊಂಬಿನಲ್ಲಿ, ಮೀನೆಲ್ಲ ನನ್ನ ತಲೆಯ ಮೇಲೆ. "ಮುಂಡಪ್ಪಣ್ಣ, ನಿಮ್ಮ ಕೋಣಕ್ಕೆ ಮೀನು ಬೇಕಿದ್ರೆ ಹೇಳಿ ಕಳಿಸಿದ್ರೆ ಸಾಕಿತ್ತಲ್ಲ ಮಾರಾಯ್ರೇ, ಹೀಗೆ ಓಡಿ ಬರ್ಬೇಕಿತ್ತಾ?" ಎಂದ ಪುಣ್ಯಾತ್ಮ. ಈಗ ಹಾಜಬ್ಬ ಇಲ್ಲ, ಆ ಬಾಳೆಯೂ ಇಲ್ಲ. ಆದರೂ ಡಿಸೆಂಬರಿನ ಬೆಳಗಿನಲ್ಲಿ ಕೆಸರಿನ ವಾಸನೆ ಬಂದರೆ ಅವನ ನಗು ಕೇಳುತ್ತದೆ.

ನಮ್ಮ ಮನೆಯಲ್ಲಿ ಹಿಂದಿನಿಂದಲೂ ಒಂದು ಕ್ರಮ ಉಂಟು. ಹೆದರಿದ ಕೋಣವನ್ನು ಹಾಗೆಯೇ ಹಟ್ಟಿಗೆ ತಂದು ಕಟ್ಟಬಾರದು. ಕಟ್ಟಿದರೆ ಹೆದರಿಕೆಯೂ ಜೊತೆಗೆ ಬಂದು ಹುಲ್ಲು ತಿಂದು ಕೊಬ್ಬುತ್ತದೆ. ಆಗಲೇ, ಅದೇ ಕೆಸರಿನಲ್ಲಿ, ಹೊಡೆಯದೆ, ಬೊಬ್ಬೆ ಹಾಕದೆ ಒಮ್ಮೆ ಮೆಲ್ಲ ನಡೆಸಿ ತರಬೇಕು. ಅಂದೂ ಹಾಗೆಯೇ ಆಯಿತು. ಆ ವರ್ಷ ಕಂಬಳದಲ್ಲಿ ಗೆದ್ದ ಬಾಳೆಗೊನೆ ಹೊತ್ತು ಬಂದವರು ಯಾರೆಂದು ಊರಲ್ಲಿ ಯಾರನ್ನಾದರೂ ಕೇಳು. ನೀನೂ ಮೊದಲು ಆ ರನ್‌ವೇಯ ತುದಿಯವರೆಗೆ ಕಾಲ್ನಡಿಗೆಯಲ್ಲಿ ಹೋಗಿ ಬಾ. ಆಮೇಲೆ ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಹತ್ತಿ ಇಳಿ. ಅಷ್ಟು ಉದ್ದದ ದಾರಿ ಮಾಡಿ ತುದಿಗೊಂದು ಮಂಜೊಟ್ಟಿ ಕಟ್ಟದ ಎಂಜಿನಿಯರರಿಗೆ ನಾನೇ ಬಂದು ಬುದ್ಧಿ ಹೇಳುತ್ತೇನೆ.

ಸಾಹೇಬರಿಗೆ ನನ್ನ ನಮಸ್ಕಾರ ತಿಳಿಸು. ಮನೆಯ ದೈವಗಳು ನಿನ್ನನ್ನು ಆಕಾಶದಲ್ಲೂ ನೆಲದಲ್ಲೂ ಕಾಯಲಿ.

ನಿನ್ನ ಸೋದರಮಾವ
ಮುಂಡಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿನ್ನ ಅಮ್ಮ ಬಂದು ಎದುರು ನಿಂತಳು. ಅವಳಿಗೆ ಅಕ್ಷರ ಬಾರದು, ನನ್ನ ಮುಖ ಓದಲು ಬರುತ್ತದೆ. ಪೂರಾ ಓದಿಸಿಕೊಂಡಳು. "ಆ ಕೋಣಗಳನ್ನು ಮತ್ತೆ ನಡೆಸಿದ್ದು ಯಾರೂಂತ ಯಾಕೆ ಬರೀಲಿಲ್ಲ, ಅಣ್ಣಾ?" ಎಂದಳು. ಸರಿ, ಬರೆಯುತ್ತೇನೆ. ನಾನು ಹಲಸಿನ ಬುಡದಲ್ಲಿ ಕೂತು ನಡುಗುತ್ತಿದ್ದೆ. ಹಗ್ಗ ಹಿಡಿದು ಕೆಸರಿಗಿಳಿದವಳು ಸೇಸಮ್ಮ, ನಿನ್ನನ್ನು ಹೆತ್ತವಳು. "ಅವ ಒಮ್ಮೆ ಸರಿಯಾಗಿ ಇಳಿದ ಮೇಲೆಯೇ ಹಟ್ಟಿಗೆ ಬರ್ಲಿ, ಅಷ್ಟರವರೆಗೆ ಕೋಳಿ ಕೊಯ್ಯುವುದಿಲ್ಲಾಂತ ಬರಿ" ಎಂದು ಒಳಗೆ ಹೋದಳು. ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಿನಗೆ ಹೇಳಬಾರದಂತೆ. ಹೇಳಲಿಲ್ಲ ನೋಡು.