ಹೇಳದೆ ಎಣಿಸುವ ಉಸಿರು

ಅಪ್ಪಾ,

ನಾನಿಲ್ಲಿ ಆಸ್ಪತ್ರೆಯ ವ್ಯಾನ್ ಓಡಿಸುತ್ತಿಲ್ಲ. ಓಡಿಸಿದ್ದು ಮೊದಮೊದಲು ಮಾತ್ರ. ಬಿಟ್ಟ ಶಾಲೆಯ ಪರೀಕ್ಷೆಗಳನ್ನು ಹೊರಗಿನಿಂದ ಕಟ್ಟಿ ಪಾಸಾಗಿ, ನರ್ಸಿಂಗ್ ಪದವಿಗೆ ಸೇರಿದೆ. ನಿನ್ನೆ ಅದೂ ಮುಗಿಯಿತು. "ಗಂಡಸಾಗಿ ಕಂಡವರ ಮೈ ತೊಳೀತೀಯೇನೋ?" ಎನ್ನುತ್ತೀರೆಂದು ಮುಚ್ಚಿಟ್ಟಿದ್ದೆ. ಈಗ ಬೇಕೆಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಅಂಚೆಯಣ್ಣನೂ ಓದಲಿ.

ಕೊನೆಯ ಪ್ರಾಕ್ಟಿಕಲ್‌ನಲ್ಲಿ ಒಬ್ಬ ಅಜ್ಜನ ಉಸಿರು ಎಣಿಸಬೇಕಿತ್ತು. ನಾಡಿ ನೋಡುವವರಂತೆ ಕೈ ಹಿಡಿದು, ರೋಗಿಗೆ ಹೇಳದೆ ಎಣಿಸುವುದು ಕ್ರಮ. ನಾನು "ಅಜ್ಜಾ, ಉಸಿರು ಎಣಿಸ್ತೀನಿ" ಎಂದುಬಿಟ್ಟೆ. ಅಜ್ಜ ಎದೆಯುಬ್ಬಿಸಿ ತಿದಿಯಂತೆ ಉಸಿರಾಡತೊಡಗಿದರು. "ಇವನಿಗೆ ಯಾರಾದ್ರೂ ಸುಳ್ಳು ಹೇಳೋದು ಕಲಿಸ್ರಪ್ಪಾ!" ಎಂದು ಪರೀಕ್ಷಕಿ ನಕ್ಕು, ಇನ್ನೊಮ್ಮೆ ಮಾಡಿಸಿ ಪಾಸು ಮಾಡಿದರು. ಇಷ್ಟು ವರ್ಷ ವ್ಯಾನ್ ಓಡಿಸುತ್ತೇನೆಂದೇ ಮನೆಗೆ ಬರೆದವನಿಗೆ ಸುಳ್ಳು ಕಲಿಸಬೇಕೇ!

ನಾನು ಆರೋಗ್ಯವಾಗಿದ್ದೇನೆ. ನಿಮ್ಮ ಕಾಲಿನ ಗಾಯ ಕೀವಾಗಿದೆ, ಯಾರಿಗೂ ಮುಟ್ಟಗೊಡುತ್ತಿಲ್ಲ ಎಂದು ಅಕ್ಕ ಬರೆದಿದ್ದಾಳೆ. ಕಾರ್ಡು ನನಗಿಂತ ಮೊದಲು ತಲುಪಿದರೆ ಬೈಗುಳ ಜೋಡಿಸಿಟ್ಟುಕೊಳ್ಳಿ, ಬೇಕಿದ್ದರೆ ಬಾಗಿಲೂ ಹಾಕಿಕೊಳ್ಳಿ. ಆ ಗಾಯ ತೊಳೆದು ಕಟ್ಟುವವನು ನಾನೇ. ಹೇಳಿಯೇ ತೊಳೆಯುತ್ತೇನೆ, ನೀವು ಬೈಯುವಾಗ ಉಸಿರನ್ನು ಮಾತ್ರ ಹೇಳದೆ ಎಣಿಸುತ್ತೇನೆ.

ನಾಳೆ ಬೆಳಿಗ್ಗೆ ಹೊರಡುತ್ತಿದ್ದೇನೆ.