ಕತ್ತರಿ ಅಜ್ಜಿಯ ಆಕ್ಷೇಪಣೆ

ಮನೆ, ಮೇಲಿನ ಮಹಡಿ (ಬೇರೆ ಎಲ್ಲಿಂದ ಬರೆಯಲಿ!)
ಭಾನುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಗುಂಡಾ,

ಹೇಗಿದ್ದೀಯೋ? ಬೆಸುಗೆಯ ಕಿಡಿ ಹಾರಿ ಕೈ ಸುಟ್ಟಿದೆ ಎಂದು ನಿನ್ನಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ, ಗಾಯ ಮಾಗಿತೇ? ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಅದನ್ನೂ ನಾಳೆ ನಾಳೆ ಎನ್ನುತ್ತಿದ್ದೀಯೋ? ನಿಮ್ಮ ಸೇತುವೆ ಆಚೆ ದಡ ಮುಟ್ಟಿತೇ? ನದಿಯ ಮೇಲೆ ಗಾಳಿ ಜೋರು, ಎದೆ ಬೆಚ್ಚಗಿಟ್ಟುಕೋ. ನಾನು ಹೊಲಿದುಕೊಟ್ಟ ದಪ್ಪ ಅಂಗಿಯ ಗುಂಡಿ ಕಿತ್ತುಹೋಗಿದ್ದರೆ ನೀನೇ ಹಾಕಿಕೊಳ್ಳಲು ಹೋಗಬೇಡ, ನೀನು ಗುಂಡಿ ಹೊಲಿಯುವ ಚಂದ ನನಗೆ ಗೊತ್ತು. ನನ್ನ ಸೊಂಟ ಹಾಗೇ ಇದೆ. ಮೂಳೆ ಕೂಡಿದೆ ಎನ್ನುತ್ತಾರೆ ಡಾಕ್ಟರು. ಆ ವಿಷಯ ಮೂಳೆಗೆ ಇನ್ನೂ ತಿಳಿದಿಲ್ಲ. ಕೋಲು ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತೇನೆ. ಬಾಯಿಗೆ ಮಾತ್ರ ಏನೂ ಪೆಟ್ಟಾಗಿಲ್ಲ, ಅದು ಈ ಪತ್ರದಲ್ಲೇ ನಿನಗೆ ಗೊತ್ತಾಗುತ್ತದೆ. ಕೂತುಕೊಂಡು ಓದು.

ನಾನು ಬಿದ್ದಾಗಿನಿಂದ ನಿನ್ನಪ್ಪ ಒಂದು ಯೋಜನೆ ಹಾಕಿದ್ದ, ನಿನಗೆ ಯಾರೂ ಸರಿಯಾಗಿ ಹೇಳಲಿಲ್ಲ ಎಂದು ಕಾಣುತ್ತದೆ. ಆ ಮರದ ಮೆಟ್ಟಿಲನ್ನು ತೆಗೆಸಿ ಅದೇ ಜಾಗದಲ್ಲಿ ಒಂದು ಸಣ್ಣ ಲಿಫ್ಟು ಕೂರಿಸುವುದು, ಉಳಿದವರಿಗೆ ಹಿತ್ತಲ ಕಡೆಯಿಂದ ಕಬ್ಬಿಣದ ಮೆಟ್ಟಿಲು. ಕೆಳಗೇ ಮಲಗಬಹುದಲ್ಲ ಎಂದು ಊರವರೆಲ್ಲ ಉಪದೇಶ ಮಾಡುತ್ತಾರೆ. ಕೆಳಗೆ ಹಿಂದಿನ ಗೋಡೆಯ ತನಕ ಹೊಲಿಗೆ ಅಂಗಡಿ, ಬಚ್ಚಲಿಲ್ಲ, ನನ್ನ ಹಾಸಿಗೆಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಸಬೇಕೇ? ಹೋದ ಸಲ ಆಸ್ಪತ್ರೆಗೆ ಒಯ್ಯುವಾಗ ಅಂಗಡಿಯ ಇಬ್ಬರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೊಬ್ಬ ಮುಂದೊಬ್ಬ ಹಿಡಿದು ಇಳಿಸಿದರು. ಇಬ್ಬರು ಪಕ್ಕಪಕ್ಕ ನಿಲ್ಲುವಷ್ಟು ಅಗಲವಿಲ್ಲದ ಮೆಟ್ಟಿಲು, ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡಿತು. ಬೀರು ಸಾಗಿಸುವ ಹಾಗೆ “ಸ್ವಲ್ಪ ಎಡಕ್ಕೆ, ಸ್ವಲ್ಪ ಎತ್ತು” ಎನ್ನುತ್ತಿದ್ದರು, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅಂದೇ ಹೇಳಿದೆ, ಇನ್ನು ಆ ಕುರ್ಚಿ ನನಗೆ ಬೇಡ. ಒಬ್ಬರೇ ಬೆನ್ನ ಮೇಲೆ ಹೊತ್ತರೆ ಆದೀತು, ಆದರೆ ನಿನ್ನಪ್ಪನ ಬೆನ್ನು ಹೊಲಿಗೆ ಯಂತ್ರದ ಮುಂದೆ ಬಾಗಿ ಬಾಗಿ ಯಾವಾಗಲೋ ಹೋಯಿತು. ಹಾಗಾಗಿ ಮಹಡಿಯೇ ನನ್ನ ಲೋಕ. ಕೆಳಗೆ ಕತ್ತರಿ ಮೊಂಡಾದರೆ ನನಗೆ ಸದ್ದಿನಲ್ಲೇ ಗೊತ್ತಾಗುತ್ತದೆ, ಕೂಗುತ್ತೇನೆ, ರೇಡಿಯೋ ಗದ್ದಲದಲ್ಲಿ ಅವನಿಗೆ ಕೇಳಿಸುವುದಿಲ್ಲ. ನನ್ನ ಗಿರಾಕಿಗಳು ಬಾಗಿಲಲ್ಲಿ ನಿಂತು ಕತ್ತರಿ ಅಜ್ಜಿ ಹೇಗಿದ್ದಾರೆ ಎಂದು ಮೆಲ್ಲಗೆ ವಿಚಾರಿಸುತ್ತಾರೆ, ಹೆಣವಿರುವ ಮನೆಗೆ ಬಂದವರ ಹಾಗೆ.

ಇಷ್ಟರಲ್ಲಿ ಹುಟ್ಟಿಕೊಂಡಿತು ನೋಡು ಈ ಪಾರಂಪರಿಕ ಕಟ್ಟಡಗಳ ಸಮಿತಿ. ಊರಿನಲ್ಲಿ ಯಾವ ಹಳೆಯ ಕಟ್ಟಡ ಉಳಿಯಬೇಕು, ಯಾವುದು ಬಿದ್ದರೂ ಚಿಂತೆಯಿಲ್ಲ ಎಂದು ತೀರ್ಮಾನಿಸುವವರು. ನಿನಗೆ ಲೆಕ್ಕ ಕಲಿಸಿದ ಮೇಷ್ಟ್ರೇ ಅಧ್ಯಕ್ಷರು, ಜೊತೆಗೆ ಮೂಲೆಯ ಹೋಟೆಲಿನ ಮಾಲೀಕ, ಒಬ್ಬ ಗಡ್ಡದ ಎಂಜಿನಿಯರು, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬಳು ಹುಡುಗಿ. ಕಟ್ಟಡದ ವಯಸ್ಸಿಗೆ ಇಷ್ಟು ಅಂಕ, ಕೆತ್ತನೆ ಕೆಲಸಕ್ಕೆ ಇಷ್ಟು, ಜನರ ಮಮತೆಗೆ ಇಷ್ಟು. ಬಂದರು ಒಂದು ದಿನ ನಮ್ಮ ಮನೆಗೂ. ಮೆಟ್ಟಿಲ ಪಕ್ಕದ ಹಿಡಿಮರವನ್ನು ಗಡ್ಡದವನು ಕುದುರೆಯ ಬೆನ್ನು ಸವರಿದ ಹಾಗೆ ಸವರಿ “ಎಂಥಾ ತಿರುವು, ಎಂಥಾ ಕೆತ್ತನೆ” ಎಂದ. ಆ ಕೆತ್ತನೆಯ ಎಲೆಗಳು ಅಂಗೈಗೆ ಚುಚ್ಚಿ ಯಾರೂ ಅದನ್ನು ಹಿಡಿಯುವುದಿಲ್ಲ ಎಂದು ಅವನಿಗೇನು ಗೊತ್ತು. ಮೂಗಿಗಿಂತ ಮೂಗುತಿ ಭಾರ. ಹಿಡಿಯಲು ಆಗಿದ್ದರೆ ನಾನು ಬೀಳುತ್ತಲೇ ಇರಲಿಲ್ಲ. ಕ್ಯಾಮೆರಾ ಹುಡುಗಿ “ಅಜ್ಜಿ, ನೀವು ಮೆಟ್ಟಿಲ ಮೇಲೆ ನಿಂತ್ರೆ ಫೋಟೋ ಚೆನ್ನಾಗಿ ಬರತ್ತೆ” ಎಂದಳು. ನಿಲ್ಲೋಕೆ ಆಗಿದ್ರೆ ನೀವೆಲ್ಲ ಯಾಕಮ್ಮ ಬೇಕಿತ್ತು ಎಂದೆ. ನಕ್ಕರು, ತಮಾಷೆ ಎಂದುಕೊಂಡು. ಹೋಗುವಾಗ ಹೋಟೆಲ್ ಮಾಲೀಕ, ನಾನು ಕಿಟಕಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಸುವುದನ್ನು ನೋಡಿ, ಚೌಕಟ್ಟು ಸವೆಯುತ್ತದೆ, ನಿಲ್ಲಿಸಿ ಎಂದು ಅಪ್ಪಣೆ ಬೇರೆ ಮಾಡಿದ. ಗುಂಡಿ ಕಾಜಾ ಮಾಡಿದ ಅಂಗಿಗಳನ್ನು ನಾನು ಅಂಗಡಿಗೆ ಕಳಿಸುವುದೇ ಆ ಬುಟ್ಟಿಯಲ್ಲಿ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಆಮೇಲೆ ಸಭೆ. ನಾನು ಹೋಗುವ ಹಾಗಿಲ್ಲವಲ್ಲ, ನಿನ್ನಮ್ಮನನ್ನು ಕಳಿಸಿದೆ. ನಿಮ್ಮ ಪಟ್ಟಿಗೆ ನಮ್ಮ ಮನೆ ಬೇಡ, ಮೆಟ್ಟಿಲು ತೆಗೆಯಲು ಬಿಡಿ ಎಂದು ಹೇಳಿ ಬಾ ಎಂದು ಪಾಠ ಒಪ್ಪಿಸಿದ ಹಾಗೆ ಮೂರು ಸಲ ಹೇಳಿಸಿದ್ದೆ. ಅಂದೇ ಹಳೆಯ ಹೆರಿಗೆ ಆಸ್ಪತ್ರೆಯ ವಿಷಯವೂ ಬಂತಂತೆ. ನೀನು ಹುಟ್ಟಿದ್ದು ಅಲ್ಲಿ, ನಿನ್ನಪ್ಪ ಹುಟ್ಟಿದ್ದು ಅಲ್ಲಿ, ಆ ಮೇಷ್ಟ್ರ ಮಕ್ಕಳೆಲ್ಲ ಹುಟ್ಟಿದ್ದೂ ಅಲ್ಲೇ. ಬರೀ ಸಿಮೆಂಟಿನ ಡಬ್ಬಿ, ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ, ಮಮತೆಗೆ ಪುರಾವೆಯಾಗಿ ಒಂದು ಪತ್ರವೂ ಬಂದಿಲ್ಲ ಎಂದರಂತೆ. ಅಲ್ಲೇ ಕೆಲಸ ಮಾಡಿ ಮುದುಕಿಯಾದ ನರ್ಸಮ್ಮ ಎದ್ದು ಮಾತಾಡಿದರೆ ಸಮಯ ಮುಗಿಯಿತು ಎಂದು ಕೂರಿಸಿದರಂತೆ. ಕಾರು ನಿಲ್ಲಿಸಲು ಆ ಜಾಗ ಹೋಯಿತು. ಆ ಆಸ್ಪತ್ರೆಯ ಬಾಗಿಲಿಗೆ ಅಗಲವಾದ ಇಳಿಜಾರು ಇತ್ತು ಗುಂಡಾ, ತುಂಬು ಬಸುರಿಯರನ್ನು ಗಾಲಿಮಂಚದಲ್ಲಿ ಸಲೀಸಾಗಿ ತಳ್ಳಿಕೊಂಡು ಹೋಗುತ್ತಿದ್ದರು. ಅದನ್ನು ಕಟ್ಟಿದವನಿಗೆ ಮನುಷ್ಯರ ಕಾಲು ನೋಯುತ್ತದೆ ಎಂದಾದರೂ ಗೊತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ಇದಕ್ಕೇ.

ನಮ್ಮ ಮನೆಯ ಸರದಿ ಬಂತು. ವಯಸ್ಸಿಗೆ ಅಂಕ ಕಡಿಮೆ ಬಿತ್ತು, ಕೆತ್ತನೆಗೆ ಸುಮಾರು, ಇನ್ನೇನು ಬಿಟ್ಟುಬಿಡುತ್ತಾರೆ ಎನ್ನುವಾಗ ಮೇಷ್ಟ್ರು ಕನ್ನಡಕ ಹಾಕಿಕೊಂಡು ಒಂದು ಪತ್ರ ತೆಗೆದರಂತೆ. ಯಾರದು ಹೇಳು? ನನ್ನ ಮೊಮ್ಮಗನದು! “ಸಂಜೆ ಅಂಗಡಿ ಮುಚ್ಚಿದ ಮೇಲೆ ಅಜ್ಜಿ ನನ್ನನ್ನು ಹೆಗಲಿಗೆ ಹಾಕಿಕೊಂಡು ಆ ಮೆಟ್ಟಿಲು ಹತ್ತುತ್ತಿದ್ದಳು. ನಾನು ಅರೆನಿದ್ದೆಯಲ್ಲಿರುತ್ತಿದ್ದೆ. ಒಂದೊಂದು ಮೆಟ್ಟಿಲಿಗೂ ಅವಳು ಏನೋ ಗುನುಗುತ್ತಿದ್ದಳು. ನನಗೆ ಗೊತ್ತಿರುವ ಜೋಗುಳ ಅದೊಂದೇ. ಆ ಮೆಟ್ಟಿಲು ಹೋದರೆ ನನ್ನ ಬಾಲ್ಯ ಹೋದಂತೆ.” ಸಭೆಯಲ್ಲಿ ನಾಲ್ಕು ಜನ ಕಣ್ಣೊರೆಸಿಕೊಂಡರಂತೆ. ವಿರೋಧಿಸಲು ಹೋದ ನಿನ್ನಮ್ಮ, ಮಗನ ಮಾತು ಕೇಳಿ, ಗೊಳೋ ಎಂದು ಅತ್ತು, ಬಾಯಿ ಬಿಡದೆ ಎದ್ದು ಬಂದಳು. ಮಮತೆಗೆ ಪೂರ್ತಿ ಅಂಕ. ಇನ್ನು ಆ ಮೆಟ್ಟಿಲಿಗೆ ಒಂದು ಮೊಳೆ ಹೊಡೆಯಲೂ ಸಮಿತಿಯ ಅನುಮತಿ ಬೇಕು. ಬಾಗಿಲಿಗೆ ಹಿತ್ತಾಳೆಯ ಫಲಕ ಬರುತ್ತದಂತೆ, ಅದರಲ್ಲಿ “ಜೋಗುಳದ ಮೆಟ್ಟಿಲು” ಎಂದು ಕೆತ್ತುತ್ತಾರಂತೆ.

ಜೋಗುಳ! ಲೋ ಮಂಕೇ, ನಾನು ಜೋಗುಳ ಹಾಡಿದ್ದು ಯಾವಾಗ? ನೀನು ಹಿಟ್ಟಿನ ಮೂಟೆಯ ಹಾಗಿದ್ದೆ, ದಿನವಿಡೀ ನಿಂತು ಕಾಲು ಊದಿರುತ್ತಿತ್ತು. ಒಂದೊಂದು ಮೆಟ್ಟಿಲಿಗೂ ನಾನು ಶಾಪ ಹಾಕುತ್ತಿದ್ದೆ. ಅದನ್ನು ಕಟ್ಟಿಸಿದ ನನ್ನ ಮಾವನಿಗೆ ಒಂದು, ಕೆತ್ತಿದ ಬಡಗಿಗೆ ಒಂದು, ಇಲ್ಲಿಗೆ ಮದುವೆ ಮಾಡಿಕೊಟ್ಟ ನಮ್ಮಪ್ಪನಿಗೆ ಒಂದು. ನೀನು ನಿದ್ದೆ ಮಾಡಿದ್ದು ನನ್ನ ಬೈಗುಳಕ್ಕೆ. ದೂರದ ಬೆಟ್ಟ ನುಣ್ಣಗೆ. ಅಲ್ಲಿ ಕೂತವನಿಗೆ ಎಲ್ಲ ಜೋಗುಳ. ಊರಿನವರು ದಾಟಲಿ ಎಂದು ನದಿಗೆ ಸೇತುವೆ ಕಟ್ಟುವವನು ಅಜ್ಜಿಯ ದಾರಿಗೆ ಬೇಲಿ ಹಾಕಿದೆಯಲ್ಲೋ! ಮೇಷ್ಟ್ರು ಬರೆ ಎಂದರು, ಬರೆದೆ, ಸರಿ. ಮೆಟ್ಟಿಲ ನೆನಪಾದಾಗ ಅದನ್ನು ಹತ್ತಿದವಳನ್ನು ಒಂದು ಮಾತು ಕೇಳಬೇಕು ಎನಿಸಲಿಲ್ಲವೇ? ನಿನ್ನಮ್ಮ ಆ ಪತ್ರದ ನಕಲು ತಂದಿದ್ದಾಳೆ. ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ, ದಿನಾ ಓದುತ್ತೇನೆ, ದಿನಾ ಅಳು ಬರುತ್ತದೆ, ಅಳು ನಿಂತ ಕೂಡಲೇ ಸಿಟ್ಟು ಬರುತ್ತದೆ. ಅಷ್ಟು ಚೆನ್ನಾಗಿ ಬರೆಯಬಾರದಿತ್ತು.

ನಿನ್ನಪ್ಪ ಮೇಷ್ಟ್ರನ್ನು ಹೋಗಿ ಕೇಳಿದ. ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು: ನಿಯಮ ಹೀಗಿದೆ, ಮನಸ್ಸು ಹಾಗಿದೆ, ನೋಡೋಣ. ಒತ್ತಾಯ ಮಾಡಿದ ಮೇಲೆ ಹೇಳಿದರಂತೆ, ಆಕ್ಷೇಪಣೆಗೆ ಒಂದು ವಿಚಾರಣೆ ಇದೆ, ಆದರೆ ಆಕ್ಷೇಪ ಇರುವವರು ಖುದ್ದಾಗಿ ಬಂದು ಹೇಳಬೇಕು, ಪರವಾಗಿ ಬೇರೆಯವರು ಬರುವಂತಿಲ್ಲ. ಖುದ್ದಾಗಿ ಬರಲು ಆಗಿದ್ದರೆ ನನಗೆ ಆಕ್ಷೇಪವಾದರೂ ಯಾಕೆ ಇರುತ್ತಿತ್ತು? ಇದನ್ನು ಅವರಿಗೆ ಹೇಳಿ ಬಾ ಎಂದರೆ, ಅದನ್ನೂ ನೀನೇ ಖುದ್ದಾಗಿ ಹೋಗಿ ಹೇಳಬೇಕಮ್ಮ ಎನ್ನುತ್ತಾನೆ ನಿನ್ನಪ್ಪ.

ಸಾಕು, ಕೈ ನೋಯುತ್ತಿದೆ. ಎತ್ತರದಲ್ಲಿ ಕೆಲಸ ಮಾಡುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವುದನ್ನು ಮರೆಯಬೇಡ. ನಿಮ್ಮ ಮೇಸ್ತ್ರಿಗೆ ನನ್ನ ನಮಸ್ಕಾರ ಹೇಳು. ನೂರು ಕಾಲ ಬಾಳು, ನಿನ್ನ ಸೊಂಟ ಎಂದೂ ಮುರಿಯದಿರಲಿ, ನೀನು ಮುದುಕನಾದಾಗ ನಿನ್ನ ಮೆಟ್ಟಿಲಿನ ಬಗ್ಗೆ ಯಾರೂ ಚಂದದ ಪತ್ರ ಬರೆಯದಿರಲಿ.

ಸಿಟ್ಟಿನಲ್ಲೂ ನಿನ್ನವಳೇ,
ಕತ್ತರಿ ಅಜ್ಜಿ

ಮರೆತೆ: ವಿಚಾರಣೆ ಬರುವ ತಿಂಗಳ ಮೊದಲ ಶನಿವಾರ. ರಜೆ ಹಾಕು. ಇನ್ನೊಂದು ಪತ್ರ ಬರೆದು ಕಳಿಸುತ್ತೇನೆ ಅಜ್ಜಿ ಎನ್ನಬೇಡ, ನಿನ್ನ ಪತ್ರಕ್ಕೆ ದೊಡ್ಡ ನಮಸ್ಕಾರ. ನೀನು ಬಾ, ನಿನ್ನ ಬೆನ್ನು ತೆಗೆದುಕೊಂಡು ಬಾ. ನನ್ನನ್ನು ಕೂಸುಮರಿ ಹೊತ್ತು ಆ ಮೆಟ್ಟಿಲು ಇಳಿಸಿ, ಬೀದಿಯಲ್ಲಿ ಎಲ್ಲರೂ ನೋಡುವ ಹಾಗೆ ನಡೆದು, ಮೇಷ್ಟ್ರ ಮೇಜಿನ ಮುಂದೆ ಕೂರಿಸು. ಅಲ್ಲಿ ಮಾತು ನನ್ನದು. ಇಳಿಯುವಾಗ ನಿನ್ನ ಕಿವಿಯ ಹತ್ತಿರ ನಾನು ಗುನುಗುತ್ತಿರುತ್ತೇನೆ. ಈ ಸಲ ನಿದ್ದೆ ಮಾಡದೆ ಪೂರ್ತಿ ಕೇಳಿಸಿಕೋ.