'ಬೈ' ಆದ ಮೇಲೆ

ಪ್ರೀತಿಯ ಅಣ್ಣನಿಗೆ,

ಅಮ್ಮ ತೀರಿಕೊಂಡ ಮೇಲೆ ನೀನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ನೆಂಟರಿಗೆಲ್ಲ ಕಳಿಸಿದ ಕಾರ್ಡು ನಮಗೂ ಬಂತು. 'ಮದರ್ ವಾಸ್ ವೆಲ್ ಲುಕ್ಡ್ ಆಫ್ಟರ್' ಎಂಬ ಸಾಲನ್ನು ಅಪ್ಪನಿಗೆ ಓದಿ ಅರ್ಥ ಹೇಳಿದೆ: ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳಲಾಯಿತು.

"ಯಾರು ನೋಡ್ಕೊಂಡ್ರಂತೆ?" ಎಂದು ಕೇಳಿದರು.

"ಅದು ಪ್ಯಾಸಿವ್ ವಾಯ್ಸ್ ಅಪ್ಪಾ, ಅದ್ರಲ್ಲಿ ಅದೆಲ್ಲ ಹೇಳ್ಬೇಕಾಗಿಲ್ಲ" ಎಂದೆ.

ನನಗಿದನ್ನು ಕಲಿಸಿದ ಮೇಷ್ಟ್ರು ನೀನೇ ಅಲ್ಲವೇ? ಪರೀಕ್ಷೆಯ ಹಿಂದಿನ ದಿನ ತಲೆಗೆ ಮೊಟಕಿ ಹೇಳಿದ್ದೆ: "'ಬೈ' ಆದ್ಮೇಲೆ ಕೆಲಸ ಮಾಡಿದೋರ ಹೆಸರು ಬರುತ್ತೆ. ಅವರು ಮುಖ್ಯ ಅಲ್ದಿದ್ರೆ 'ಬೈ' ಬಿಟ್ಬಿಡು ಕಣೇ, ವಾಕ್ಯಕ್ಕೇನೂ ಆಗಲ್ಲ." ನಿಜ, ವಾಕ್ಯಕ್ಕೇನೂ ಆಗಿಲ್ಲ. ಬೈಯೋಣವೆಂದರೆ 'ಬೈ'ಯನ್ನೂ ನೀನೇ ಬಿಟ್ಟಿದ್ದೀಯ.

ಅಮ್ಮನ ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಹೊರಳಿಸುತ್ತಿದ್ದ ಕೈಗಳಿಗೆ ಈಗ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಹಾಸ್ಟೆಲಿನಲ್ಲಿ ಅಪ್ಪನನ್ನು ಇಟ್ಟುಕೊಳ್ಳುವಂತಿಲ್ಲ. ಭಾನುವಾರ ನಿನ್ನ ಮನೆಗೆ ಕರೆತರುತ್ತೇನೆ, ಅತ್ತಿಗೆಗೆ ಹೇಳಿರು. ಅಪ್ಪನ ಊಟ ಮೆತ್ತಗಿರಬೇಕು. ಬಚ್ಚಲಿಗೆ ಹೋಗುವಾಗ ಕೈ ಹಿಡಿದುಕೊಳ್ಳಬೇಕು. ಹಿಡಿದ ಕೈ ಯಾರದೆಂದು ತಡವಿ ನೋಡಿಯೇ ಅವರು ಹೆಜ್ಜೆ ಇಡುತ್ತಾರೆ.

ಇನ್ನು ಮುಂದೆ ಅಪ್ಪನ ವಿಷಯ ಬರೆಯುವಾಗ 'ಬೈ' ಬಿಡಬೇಡ. ಅದರ ಮುಂದೆ ನಿನ್ನ ಹೆಸರು ಹಾಕಿಕೋ.

ಇಂತಿ,
ಬಿಟ್ಟುಹೋದ ತಂಗಿ